ಪುಟ್ಟಿಯ ಊರು

ಬ್ರಷ್ಷನ್ನು ಡಬ್ಬದ ಅಂಚಿಗೆ ಒರೆಸಿ ಮತ್ತೆ ಗೋಡೆಗಿಟ್ಟ ಮೇಲೆಯೇ, ಬಳಿದ ಜಾಗಕ್ಕೇ ಮತ್ತೆ ಬಳಿಯುತ್ತಿದ್ದೇನೆಂದು ಅವಳಿಗೆ ಗೊತ್ತಾದದ್ದು. ಕಿಟಕಿಯ ಎಡಕ್ಕಿದ್ದ ಆ ತುಂಡು ಗೋಡೆ ಮಾತ್ರ ಉಳಿದದ್ದಕ್ಕಿಂತ ದಪ್ಪಗೆ, ಈಗಷ್ಟೇ ಅತ್ತು ಒರೆಸಿಕೊಂಡ ಮುಖದಂತೆ ಹೊಳೆಯುತ್ತಿತ್ತು. ಯಾರಾದರೂ ನೋಡಿಬಿಟ್ಟರೇನೋ ಎಂದು ತಿರುಗಿದಳು. ಯಾರೂ ಇರಲಿಲ್ಲ. ಗುಂಪಿನ ಉಳಿದವರು ಹೊರಗೆ ಅಂಗಳ ಗುಡಿಸುತ್ತ, ತಗಡಿನ ಚೂರು, ಇಟ್ಟಿಗೆ ತುಂಡು ಆರಿಸುತ್ತ, ಶಾಲೆಯ ಕೊನೆಯ ದಿನದ ಮಕ್ಕಳಂತೆ ಗಲಾಟೆ ಮಾಡುತ್ತಿದ್ದರು. ಸಂಜೆ ಬೀಗದ ಕೈ ಕೊಡುವ ಕಾರ್ಯಕ್ರಮ. ನಾಳೆ ಬಿಡುವು, ಎಲ್ಲರೂ ಜಲಪಾತ ನೋಡಲು ಹೋಗುವುದೆಂದಾಗಿತ್ತು. ನಾಡಿದ್ದು ವಿಮಾನ. ಬೆಳಿಗ್ಗೆಯಿಂದ ಅವಳು ಇದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದಳು, ಊರಿಗೆ ಹೊರಟ ಹೆಂಗಸು ಬಸ್ಸಿನಲ್ಲಿ ಕೂತು ಬೀಗ ಹಾಕಿದೆನೇ, ಹಾಕಿದೆನೇ ಎಂದು ಕೇಳಿಕೊಳ್ಳುವ ಹಾಗೆ. ಹಾಕಿದ್ದೇನೆಂದು ಗೊತ್ತಿದ್ದರೂ ಕೇಳಿಕೊಳ್ಳುವ ಹಾಗೆ.

ಕ್ಲಿನಿಕ್ಕಿನಲ್ಲಿ ಅವಳ ಕೈ ಹೀಗೆ ದಾರಿ ತಪ್ಪಿದ್ದಿಲ್ಲ. ಹಲ್ಲಿನ ಡಾಕ್ಟರಿಗೆ ಕೈಯೇ ಬಂಡವಾಳ. ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದವರನ್ನು ಅವಳು ಮಾತಾಡಿಸುತ್ತಲೇ ಇರುತ್ತಿದ್ದಳು. ಮಗಳು ಈಗ ಎಷ್ಟನೇ ಕ್ಲಾಸು, ಮನೆ ಬದಲಾಯಿಸಿದಿರಂತೆ, ಕಾಲುನೋವು ಹೇಗಿದೆ. ಅವರು ಆಂ, ಆಂ ಎನ್ನುತ್ತಿದ್ದರು. ಉತ್ತರ ಬರುವ ಹಾಗಿಲ್ಲವೆಂದು ಗೊತ್ತಿದ್ದೇ ಕೇಳುವ ಪ್ರಶ್ನೆಗಳು. ಆದರೂ ಡಾಕ್ಟರಮ್ಮ ಎಷ್ಟು ಚೆನ್ನಾಗಿ ವಿಚಾರಿಸಿಕೊಳ್ಳುತ್ತಾರೆ ಎಂದು ಹೆಸರಾಗಿತ್ತು. ಹಾಗೆ ಮಲಗಿದ್ದವರಲ್ಲಿ ಒಬ್ಬ ವಿಮಾ ಕಚೇರಿಯಿಂದ ನಿವೃತ್ತನಾದವನು. ವರ್ಷಕ್ಕೊಮ್ಮೆ ಗುಂಪು ಕಟ್ಟಿಕೊಂಡು ಬೇರೆ ದೇಶಕ್ಕೆ ಹೋಗಿ ಬಡವರಿಗೆ ಮನೆ ಕಟ್ಟಿಕೊಟ್ಟು ಬರುತ್ತೇವೆಂದು ಬಾಯಿ ಮುಕ್ಕಳಿಸುತ್ತಲೇ ಹೇಳಿದ್ದ. ಕತ್ತಿಗೆ ಸೀಟಿ ಹಾಕಿಕೊಂಡು ಓಡಾಡುವ ಅವನಿಗೆ ಗುಂಪಿನಲ್ಲಿ ಕ್ಯಾಪ್ಟನ್ ಎಂದೇ ಹೆಸರು. ದಿನಾ ಬೆಳಿಗ್ಗೆ ಸೀಟಿ ಊದಿ, "ಮನೆ ಕಟ್ಟಿ ನೋಡು ಅಂತ ಹಿರಿಯರು ಸುಮ್ನೆ ಹೇಳಿಲ್ಲ ಕಣ್ರಪ್ಪಾ, ಏಳಿ! ಕೈ ಸಿಮೆಂಟಾದ್ರೆ ಬಾಯಿ ಮೊಸರು!" ಎಂದು ಕೂಗುತ್ತಿದ್ದ. ಎಲ್ಲರೂ ನಗುತ್ತಿದ್ದರು. ಮೊದಲ ದಿನ ಅವಳೂ ನಕ್ಕಿದ್ದಳು.

ಮನೆ ಯಾರಿಗಾಗಿ ಏಳುತ್ತಿತ್ತೋ ಆ ಹೆಂಗಸಿಗೆ, ಇನ್ನೂ ಪಾಯ ತೋಡುತ್ತಿರುವಾಗಲೇ, ಗುಂಪಿನವರು ಮನೆಯೊಡತಿ ಎಂದು ಹೆಸರಿಟ್ಟುಬಿಟ್ಟಿದ್ದರು. ತಗಡು, ಹಲಗೆ, ಟಾರ್ಪಾಲು ಸೇರಿಸಿ ಮಾಡಿದ ಗುಡಿಸಲಿನಿಂದ ಅವಳು ಹೊರಬಂದು, ದುಭಾಷಿಯ ಹುಡುಗಿ ಬಾಯಿ ತೆರೆಯುವ ಮೊದಲೇ, ಇವರ ಭಾಷೆಯಲ್ಲೇ, "ಬನ್ನಿ, ಕೂತ್ಕೊಳಿ. ಕಾಫಿ ಮಾಡ್ಲಾ, ಟೀ ಮಾಡ್ಲಾ?" ಎಂದಳು. ಗುಂಪಿಗೆ ಗುಂಪೇ ಚಪ್ಪಾಳೆ ತಟ್ಟಿತ್ತು. ಇವರ ದೇಶದಲ್ಲೇ ಬಹಳ ವರ್ಷ ಮನೆಗೆಲಸಕ್ಕಿದ್ದು ಬಂದವಳಂತೆ. ಎಲ್ಲರಿಗೂ ಹಿಡಿಸಿದ ಆ ಮಾತು ಡಾಕ್ಟರಮ್ಮನೊಬ್ಬಳಿಗೆ ಮಾತ್ರ ಎಲ್ಲಿಯೋ ಚುಚ್ಚಿತು. ಆ ವಾಕ್ಯದ ಇಳಿತ, ಕೊನೆಯಲ್ಲಿ ಒಂದಿಷ್ಟು ಮುಂದೆ ಬಾಗುವ ಕತ್ತು, ತನ್ನ ಮನೆಯಲ್ಲಿ ದಿನವೂ ಕೇಳುವಂಥದ್ದು, ನೋಡುವಂಥದ್ದು. ಆಮೇಲೆ ಗಮನಿಸಿದರೆ ಮನೆಯೊಡತಿಯ ಬಾಯಲ್ಲಿ ಇವರ ಭಾಷೆ ಎರಡೇ ತರಹ ಬರುತ್ತಿತ್ತು. ಒಂದು, ಹೂಂ ಅಮ್ಮಾ, ಆಯ್ತಮ್ಮಾ ಎನ್ನುವುದು. ಇನ್ನೊಂದು, ಬಕೆಟ್ಟು ಕೈಜಾರಿ ನೀರು ಚೆಲ್ಲಿದಾಗ ತನ್ನನ್ನು ತಾನೇ ಬೈದುಕೊಳ್ಳುವುದು. "ಕೈಯಲ್ಲೇನು ತೂತು ಬಿದ್ದಿದ್ಯಾ ನಿಂಗೆ? ಕಣ್ಣೆಲ್ಲಿಟ್ಟಿದೀಯಾ?" ಆ ಬೈಗುಳ ಅವಳದ್ದಾಗಿರಲಿಲ್ಲ. ಯಾವಳೋ ಯಜಮಾನಿ, ಓದಿದವಳು, ಮೆಲುದನಿಯವಳು, ಬಂದವರೆದುರು ಎಂದೂ ಬೈಯದವಳು, ಈ ಹೆಂಗಸಿನ ಗಂಟಲೊಳಗೆ ಇನ್ನೂ ಸಂಬಳವಿಲ್ಲದೆ ಬದುಕಿಕೊಂಡಿದ್ದಳು.

"ಅಮ್ಮಾ ಅನ್ಬೇಡಿ, ಅಕ್ಕಾ ಅನ್ನಿ," ಎಂದು ಅವಳು ಮನೆಯೊಡತಿಗೆ ಹೇಳಿದ್ದಳು. "ಆಯ್ತಮ್ಮಾ," ಎಂದಿದ್ದಳು ಮನೆಯೊಡತಿ.

ನಕ್ಕರೆ ಮನೆಯೊಡತಿಯ ಮೇಲಿನ ಮುಂಭಾಗದ ಹಲ್ಲೊಂದು ಓರೆಯಾಗಿ ಮುರಿದದ್ದು ಕಾಣುತ್ತಿತ್ತು. ಡಾಕ್ಟರಮ್ಮನ ಕಣ್ಣು ಮೊದಲ ದಿನವೇ ಅಲ್ಲಿ ಸಿಕ್ಕಿಕೊಂಡಿತ್ತು. ಇಟ್ಟಿಗೆ ಜೋಡಿಸಲು ಬಾರದ, ಗಾರೆ ಕಲಸಿದರೆ ನೀರು ಹೆಚ್ಚು ಮಾಡುವ, ಕರಣೆ ಹಿಡಿದರೆ ಮೇಸ್ತ್ರಿ ಮುಖ ಆಚೆ ತಿರುಗಿಸುವ ಈ ಜಾಗದಲ್ಲಿ ತನಗೆ ಬರುವ ಒಂದೇ ಕೆಲಸ ಆ ಬಾಯಲ್ಲಿತ್ತು. ಮೊನ್ನೆ ಊಟದ ಹೊತ್ತಿನಲ್ಲಿ ಪಕ್ಕ ಕೂತು, ಪೇಟೆಯಲ್ಲಿ ಯಾವುದಾದರೂ ಕ್ಲಿನಿಕ್ ಕೇಳಿಕೊಂಡು ಅರ್ಧ ಗಂಟೆಯಲ್ಲಿ ಸರಿಮಾಡಿ ಕೊಡುತ್ತೇನೆ, ನೋವಿರುವುದಿಲ್ಲ ಎಂದಳು. ಹೇಳುವಾಗಲೇ ತನ್ನ ದನಿ ಎಷ್ಟು ಆಸೆಯಿಂದ ನಡುಗುತ್ತಿದೆಯೆಂದು ತನಗೇ ನಾಚಿಕೆಯಾಯಿತು. ಮನೆಯೊಡತಿ ತಟ್ಟೆಯಿಂದ ಕಣ್ಣೆತ್ತಲಿಲ್ಲ.

"ಮನೆ ಕೊಡ್ತಿದೀರಲ್ಲಮ್ಮಾ, ಸಾಕು. ಬಾಯಿ ನಂದೇ ಇರ್ಲಿ."

ಜಗಳದ ಮಾತಲ್ಲ. ಇನ್ನೊಂದು ತುತ್ತು ಅನ್ನ ಬೇಡ ಎನ್ನುವಷ್ಟೇ ಸಹಜ. ಅವಳು ನಕ್ಕು, ಸರಿ ಸರಿ ಎಂದು, ಏಳಲೂ ಆಗದೆ ಕೂರಲೂ ಆಗದೆ ಅಂಗೈಗಂಟಿದ್ದ ಒಣ ಸಿಮೆಂಟನ್ನು ಕೆರೆಯುತ್ತ ಕೂತಳು. ಅವಳ ಮುಜುಗರ ನೋಡಲಾರದೆಯೋ ಏನೋ, ಮನೆಯೊಡತಿಯೇ ಮಾತು ಬದಲಾಯಿಸಿದಳು.

"ನಿಮ್ಮನೇಲಿ ಯಾರ್ಯಾರಿದಾರೆ?"

"ಯಜಮಾನ್ರು. ಅತ್ತೆ."

"ಅತ್ತೇರು ಓಡಾಡ್ತಾರಾ?"

"ಇಲ್ಲ. ಸೊಂಟ ಬಿದ್ದೋಗಿದೆ. ಹಾಸಿಗೆ ಬಿಟ್ರೆ ಗಾಲಿಕುರ್ಚಿ."

"ಅಯ್ಯೋ. ಹಂಗಾದ್ರೆ ಈಗ ಯಾರು ನೋಡ್ಕೋತಾ ಇದಾರೆ?"

"ನಾದಿನಿ," ಎಂದಳು ಅವಳು. "ನಾದಿನಿ ಬಂದಿದಾಳೆ."

ಯಾಕೆ ಹಾಗೆಂದಳೋ. ಸುಳ್ಳು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿಯೇ ಕೂತಿತ್ತು, ಬಾಗಿಲು ತೆರೆದ ಕೂಡಲೇ ಹೊರಬಿದ್ದ ಬೆಕ್ಕಿನ ಹಾಗೆ. ನಾದಿನಿ ಇದ್ದದ್ದು ನಿಜ, ಆದರೆ ಅವಳು ತನ್ನ ತಾಯಿಯನ್ನು ನೋಡಲು ಬಂದರೂ ಕೈಚೀಲವನ್ನು ಮಡಿಲಿನಿಂದ ಇಳಿಸುತ್ತಿರಲಿಲ್ಲ. ಅತ್ತೆಯನ್ನು ಎತ್ತಿ ಕೂರಿಸುವುದು, ಒರೆಸುವುದು, ಅನ್ನ ಕಿವುಚಿ ತಿನ್ನಿಸುವುದು, ರಾತ್ರಿ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಒಂದು ಕಿವಿ ತೆರೆದಿಟ್ಟು ಮಲಗುವುದು ಎಲ್ಲ ಪುಟ್ಟಿ. ನಲವತ್ತು ದಾಟಿದ ಹೆಂಗಸು. ಬಂದ ಹೊಸದರಲ್ಲಿ ಅವಳ ಹೆಸರು ಅತ್ತೆಯ ಬಾಯಿಗೆ ಹೊರಳದೆ, ತಾನು ಸಾಕಿದ ತಂಗಿಯ ಹೆಸರು ಹಿಡಿದು ಪುಟ್ಟೀ ಎಂದು ಕರೆದರು. ಮನೆಮಂದಿಯೆಲ್ಲ ಅದನ್ನೇ ಹಿಡಿದರು. ಪುಟ್ಟಿ ಈ ದೇಶದವಳು. ಗುಂಪು ಈ ವರ್ಷ ಇಲ್ಲಿಗೇ ಬರುವುದೆಂದು ಗೊತ್ತಾದಾಗ ಡಾಕ್ಟರಮ್ಮನಿಗೆ ಖುಷಿಯಾದದ್ದೂ ಅದಕ್ಕೇ, ಏನೋ ಒಂದು ಕೊಂಡಿ ತಾನಾಗಿ ಕೂಡಿಕೊಂಡಂತೆ. ಆ ಸುದ್ದಿ ಪುಟ್ಟಿಗೆ ಹೇಳಬೇಕೆಂದು ಅಡಿಗೆಮನೆಗೆ ಹೋದ ಸಂಜೆಯೇ ಪುಟ್ಟಿ, ಚಮಚ ಕೆಳಗಿಟ್ಟು, ಕೈಯನ್ನು ಬಟ್ಟೆಗೆ ಒರೆಸಿಕೊಂಡು, "ಅಮ್ಮಾ, ಒಂದು ಮಾತು. ಮುಂದಿನ ತಿಂಗಳು ಊರಿಗೆ ಹೋಗಿ ಬರ್ಲಾ? ಮನೇಲಿ ಒಂದು ಕೆಲಸ ಇದೆ," ಎಂದಿದ್ದಳು.

"ಮುಂದಿನ ತಿಂಗಳಾ? ಅಯ್ಯೋ, ಮುಂದಿನ ತಿಂಗಳು ನಾನೇ ಇರಲ್ವಲ್ಲೇ! ಎಲ್ಲಿಗೆ ಹೋಗ್ತಿದೀನಿ ಹೇಳು ನೋಡೋಣ? ನಿಮ್ಮ ದೇಶಕ್ಕೆ! ಮನೆ ಕಟ್ಟಿಕೊಡಕ್ಕೆ. ನಾನು ಬಂದ್ಮೇಲೆ ನೋಡೋಣ, ಆಯ್ತಾ?"

ಪುಟ್ಟಿ ಕೆಳಗಿಟ್ಟ ಚಮಚವನ್ನು ಮತ್ತೆ ಕೈಗೆತ್ತಿಕೊಂಡಳು. ಆಮೇಲೆ, "ಆಯ್ತಮ್ಮಾ. ಅಲ್ಲಿ ಈಗ ಗಾಳಿ ಜಾಸ್ತಿ. ತಲೆಗೆ ಏನಾದ್ರೂ ಕಟ್ಕೊಳಿ," ಎಂದಳು. ಹೊರಡುವ ಹಿಂದಿನ ದಿನ ತನ್ನದೇ ಒಂದು ಬಟ್ಟೆ ತಂದು, ಅವಳ ತಲೆಗೆ ಸುತ್ತಿ, ಕಿವಿಯ ಹಿಂದೆ ಗಂಟು ಹಾಕುವುದನ್ನು ಹೇಳಿಕೊಟ್ಟಳು. ಬೆರಳುಗಳಲ್ಲಿ ಅತ್ತೆಯ ಮುಲಾಮಿನ ವಾಸನೆಯಿತ್ತು. ಏನು ಕೆಲಸ ಎಂದು ಅವಳು ಕೇಳಿರಲಿಲ್ಲ. ಇದು ಈಗ ಈ ಅರೆಬಳಿದ ಗೋಡೆಯೆದುರು ಹೊಳೆದದ್ದಲ್ಲ. ಆ ಸಂಜೆ ಅಡಿಗೆಮನೆಯಿಂದ ಹೊರಬರುವಾಗಲೇ ಹೊಸ್ತಿಲಲ್ಲಿ ಒಂದು ಕ್ಷಣ ನಿಂತಿದ್ದಳು, ಕೇಳಬೇಕೆಂದು. ಕೇಳಿದರೆ ಪುಟ್ಟಿ ಹೇಳುತ್ತಾಳೆ, ಹೇಳಿದರೆ ಅದು ಸಣ್ಣ ಕೆಲಸವಾಗಿರುವುದಿಲ್ಲ. ದೀಪದ ಸ್ವಿಚ್ಚಿಗೆ ಕೈಹಾಕಿ, ಇನ್ನೂ ಒಳಗೆ ಪುಟ್ಟಿ ನಿಂತಿದ್ದಾಳೆಂದು ನೆನಪಾಗಿ ಕೈ ತೆಗೆದು, ಹೊರಟುಬಂದಿದ್ದಳು.

ಮಧ್ಯಾಹ್ನ ಗಾಳಿ ಎದ್ದಿತು. ಹೊಸ ತಗಡಿನ ಮಾಡು ಮೊಳೆಗಳ ನಡುವೆ ಉಸಿರಾಡಿದಂತೆ ಉಬ್ಬಿ ಇಳಿಯುತ್ತಿತ್ತು. ಅವಳು ಒಳಕೋಣೆಯ ಕಿಟಕಿ ಚೌಕಟ್ಟನ್ನು ಸ್ಯಾಂಡ್‌ಪೇಪರಿನಿಂದ ಉಜ್ಜುತ್ತಿದ್ದಾಗ ಫೋನು ಬಂತು. ಗಂಡ. ಅಮ್ಮನಿಗೆ ನಿನ್ನ ನೋಡಬೇಕಂತೆ ಎಂದು ಫೋನನ್ನು ಒಳಗೆ ಕೊಟ್ಟ. ಪರದೆಯ ಮೇಲೆ ಮೊದಲು ಫ್ಯಾನು, ಆಮೇಲೆ ಅತ್ತೆಯ ಮೂಗು, ಆಮೇಲೆ ಇಡೀ ಮುಖ. "ಕಪ್ಪಾಗಿದೀಯಲ್ಲೇ! ಕೂಲಿಯೋರ ಥರ ಆಗಿದೀಯ!" ಎಂದು ಅತ್ತೆ ನಕ್ಕರು. ಚಿತ್ರ ಅಲ್ಲಾಡಿತು. "ಪುಟ್ಟೀ, ಸರಿಯಾಗಿ ಹಿಡಿಯೇ. ತಲೆ ತಿರುಗತ್ತೆ." ಚಿತ್ರದ ಅಂಚಿನಲ್ಲಿ ಒಂದು ಹೆಬ್ಬೆರಳು, ಅರ್ಧ ಕೆನ್ನೆ. ಆ ಅರ್ಧ ಕೆನ್ನೆ ತನ್ನಷ್ಟಕ್ಕೆ ತನ್ನ ಭಾಷೆಯಲ್ಲಿ ಏನೋ ಗೊಣಗಿತು. ಅವಳ ಬೆನ್ನ ಹಿಂದೆ ಯಾರೋ ಫಕ್ಕನೆ ನಕ್ಕರು. ನೀರಿನ ಕೊಡ ಹೊತ್ತು ಬಂದ ಮನೆಯೊಡತಿ ಬಾಗಿಲಲ್ಲೇ ನಿಂತಿದ್ದಳು.

ಮನೆಯೊಡತಿ ಕೊಡ ಇಳಿಸಿ ಪರದೆಯತ್ತ ಬಾಗಿ ಏನೋ ಕೇಳಿದಳು. ಅರ್ಧ ಕೆನ್ನೆ ಇಡೀ ಮುಖವಾಯಿತು. ಪುಟ್ಟಿಯ ಕಣ್ಣು ಅಷ್ಟು ಅಗಲವಾಗುವುದನ್ನು ಅವಳು ನೋಡಿರಲಿಲ್ಲ. ಇಬ್ಬರೂ ಒಟ್ಟಿಗೇ ಮಾತಾಡಿದರು, ಒಟ್ಟಿಗೇ ನಿಲ್ಲಿಸಿದರು, ನಕ್ಕರು. ಯಾವಾಗಲೋ ಫೋನು ಅವಳ ಕೈಯಿಂದ ಮನೆಯೊಡತಿಯ ಕೈಗೆ ಹೋಗಿತ್ತು. ಅವಳು ಸ್ಯಾಂಡ್‌ಪೇಪರ್ ಹಿಡಿದು, ತನ್ನದೇ ಮನೆಯ ಸದ್ದು ತನಗೆ ತಿಳಿಯದ ಭಾಷೆಯಲ್ಲಿ ಬರುವುದನ್ನು ಕೇಳುತ್ತ ನಿಂತಳು. ಪುಟ್ಟಿ ಇಷ್ಟು ಬೇಗ ಬೇಗ ಮಾತಾಡುತ್ತಾಳೆ. ಪುಟ್ಟಿಯ ದನಿ ಇಷ್ಟು ದಪ್ಪ. ಮನೆಯಲ್ಲಿ ಅವಳು ಮಾತಾಡುವುದು ಬಾಗಿಲಿನ ಸಂದಿಯಿಂದ ಕಾಗದ ತೂರಿಸಿದಂತೆ, ಇಷ್ಟಿಷ್ಟೇ. ಆಮೇಲೆ ಆ ದನಿ ಇಳಿಯಿತು. ಮನೆಯೊಡತಿಯ ನಗು ಮುಖದಲ್ಲೇ ಉಳಿದು, ಕಣ್ಣಿನಿಂದ ಹೊರಟುಹೋಯಿತು. ಅವಳನ್ನೊಮ್ಮೆ ನೋಡಿದಳು. ನೋಡಿ, ಪರದೆ ಅವಳಿಗೆ ಕಾಣದ ಹಾಗೆ ಅಷ್ಟೇ ಅಷ್ಟು ತಿರುಗಿ ನಿಂತಳು. ಅತ್ತೆ ದೂರದಿಂದ, "ಯಾರ ಜೊತೇನೇ ಅದು ಮಾತು? ಪುಟ್ಟೀ!" ಎನ್ನುತ್ತಿದ್ದಂತೆ ಕರೆ ಕಡಿಯಿತು.

"ಏನಂದ್ಲು?"

"ಏನಿಲ್ಲ," ಎಂದು ಮನೆಯೊಡತಿ ಫೋನು ಕೊಟ್ಟಳು. "ಊರ ಮಾತು."

ಕೊಡ ಎತ್ತಿಕೊಂಡು ಹೋದಳು. ನಾದಿನಿಯ ಮಾತನ್ನು ಮನೆಯೊಡತಿ ಎತ್ತಲಿಲ್ಲ. ಎತ್ತಿದ್ದರೆ ಏನಾದರೂ ಹೇಳಬಹುದಿತ್ತು. ನಾದಿನಿ ಮೊನ್ನೆ ಹೋದಳು, ಇವಳು ಹೊಸದಾಗಿ ಬಂದವಳು, ಏನಾದರೂ. ಸಿದ್ಧವಾದ ಸುಳ್ಳುಗಳನ್ನು ಕೇಳುವವರಿಲ್ಲದೆ ಹಿಡಿದುಕೊಂಡು ಅವಳು ಒಂದೇ ಮರದ ತುಂಡನ್ನು ಉಜ್ಜಿದಳು, ಮೂಲೆ ಸವೆದು ಗುಂಡಗಾಗುವವರೆಗೂ. ಹೊರಗೆ ಕ್ಯಾಪ್ಟನ್ ಬಾಗಿಲಿಗೆ ಬಣ್ಣದ ರಿಬ್ಬನ್ ಕಟ್ಟಿಸುತ್ತಿದ್ದ. ಬೀಗದ ಕೈಯನ್ನು ಡಾಕ್ಟರಮ್ಮನೇ ಕೊಡಬೇಕು, ಹೆಂಗಸರಿಗೆ ಹೆಂಗಸರೇ ಕೊಟ್ಟರೆ ಫೋಟೋ ಚೆಂದ ಎಂದು ತೀರ್ಮಾನವಾಗಿತ್ತು.

ಅವಳಿಗೆ ತಡೆಯಲಾಗಲಿಲ್ಲ. ಕಾರ್ಯಕ್ರಮಕ್ಕೆ ಸ್ವಲ್ಪ ಮೊದಲು, ಹಿಂಬದಿಯ ಕಟ್ಟೆಯ ಮೇಲೆ ಮುಖ ತೊಳೆಯುತ್ತಿದ್ದ ಮನೆಯೊಡತಿಯ ಹತ್ತಿರ ಹೋಗಿ ನಿಂತಳು.

"ಅವತ್ತು ಸುಳ್ಳು ಹೇಳಿದೆ."

"ಗೊತ್ತು." ಮನೆಯೊಡತಿ ಮುಖದ ನೀರನ್ನು ಅಂಗೈಯಿಂದ ಜಾಡಿಸಿದಳು. "ಮೊದಲ್ನೇ ದಿನ ಆ ತಲೆಬಟ್ಟೆ ಗಂಟು ನೋಡ್ದಾಗ್ಲೇ ಅಂದ್ಕೊಂಡೆ. ಅದು ನಮ್ಮೋರು ಕಟ್ಟೋ ಗಂಟು. ಯಾರೋ ಹೇಳ್ಕೊಟ್ಟಿದಾರೆ, ಮನೇಲಿ ಯಾರೋ ಇದಾರೆ ಅಂತ."

"ಏನಂದ್ಲು ಅವ್ಳು? ನಿಜ ಹೇಳಿ."

"ನೀವು ಒಳ್ಳೇವ್ರು ಅಂದ್ಲು."

ಎದೆಯೊಳಗೆ ಏನೋ ಸಡಿಲವಾಯಿತು. ಅದು ಸಡಿಲವಾದದ್ದಕ್ಕೇ ಕೆಟ್ಟದೆನಿಸಿತು. ಮನೆಯೊಡತಿ ಮುಖ ಒರೆಸಿಕೊಂಡು, ಇನ್ನೂ ಹೋಗದೆ ನಿಂತವಳನ್ನು ನೋಡಿ ಹೇಳಿದಳು. "ನಾನೂ ಹಂಗೇ ಅಂತಿದ್ದೆ, ಡಾಕ್ಟ್ರೇ. ಫೋನು ಅವ್ರ ಕೈಲಿರ್ವಾಗ ಇನ್ನೇನು ಅನ್ನೋದು?"

ಇಷ್ಟು ದಿನ ಅಕ್ಕಾ ಎನ್ನಿಸಿಕೊಳ್ಳಲು ಕಾದವಳಿಗೆ ಆ ಡಾಕ್ಟ್ರೇ ಕಪಾಳಕ್ಕೆ ಬಿದ್ದಂತಾಯಿತು. ಆದರೂ ಹಲ್ಲಿನ ಬೇರು ತುಂಡಾಗಿ ಒಳಗೇ ಉಳಿದಾಗ ಬಿಡಲಾಗದಂತೆ ಅವಳ ಬಾಯಿಂದ ಆ ಪ್ರಶ್ನೆ ಹೊರಟಿತು. "ಊರಲ್ಲಿ ಏನೋ ಕೆಲಸ ಇದೆ ಅಂದಿದ್ಲು. ರಜ ಕೇಳಿದ್ಲು. ಏನಂತೆ ಅದು?"

"ನಿಮಗ್ಗೊತ್ತಿಲ್ವಾ?" ಮನೆಯೊಡತಿ ಮೊದಲ ಸಲ ನಿಜವಾಗಿ ಆಶ್ಚರ್ಯಪಟ್ಟಂತೆ ಕಂಡಳು. "ಮಗಳ ಮದುವೆ. ಒಬ್ಳೇ ಮಗಳು. ಹೋದ್ವಾರ ಆಯ್ತಂತೆ. ಇವ್ಳು ಫೋನಲ್ಲೇ ನೋಡಿದ್ಲಂತೆ. ನಿಮ್ಮತ್ತೇರಿಗೆ ಆಗ್ತಾನೆ ನಿದ್ದೆ ಹತ್ತಿತ್ತಂತೆ, ಎಚ್ಚರ ಆಗ್ಬಾರ್ದು ಅಂತ ಸದ್ದು ಪೂರ್ತಿ ಇಳಿಸ್ಕೊಂಡು ನೋಡಿದ್ಲಂತೆ. ಎಲ್ರೂ ಬಾಯಿ ಬಾಯಿ ಆಡಿಸ್ತಿದ್ರು, ಏನು ಹಾಡಿದ್ರೋ ಗೊತ್ತಾಗ್ಲಿಲ್ಲ ಅಂತ ನಗ್ತಿದ್ಲು."

ಸೀಟಿ ಕೂಗಿತು. "ಬರ್ರಪ್ಪಾ, ಬರ್ರಮ್ಮಾ! ಮನೆ ಕಟ್ಟಿ ನೋಡು ಅಂದ್ರು, ಕಟ್ಟಿ ನೋಡೇಬಿಟ್ವಿ!" ಗಾದೆಯ ಇನ್ನರ್ಧ, ಇಷ್ಟು ದಿನ ಯಾರೂ ಹೇಳದೆ ಬಿಟ್ಟದ್ದು, ಅವಳ ಬಾಯೊಳಗೆ ತಾನೇ ತಾನಾಗಿ ಪೂರ್ತಿಯಾಯಿತು. ಮದುವೆ ಮಾಡಿ ನೋಡು. ಹೋದ ವಾರ ಅವಳು ಈ ಇಟ್ಟಿಗೆಗಳ ನಡುವೆ ಕೂತು, ಬೆರಳು ತರಚಿಕೊಂಡು, ಆ ತರಚಿದ ಬೆರಳಿನ ಚಿತ್ರ ತೆಗೆದು ಮನೆಗೆ ಕಳಿಸಿದ್ದಳು. ಪುಟ್ಟಿಗೂ ತೋರಿಸಿ ಎಂದು ಕೆಳಗೆ ಬರೆದಿದ್ದಳು.

ಬೀಗದ ಕೈ ಕೊಟ್ಟಳು. ಚಪ್ಪಾಳೆ ಬಿತ್ತು. ಎರಡು ಮಾತಾಡಿ ಎಂದರು. ಎರಡೇ ಮಾತಾಡಿದಳು, ಏನೆಂದು ಆಮೇಲೆ ನೆನಪಾಗಲಿಲ್ಲ. ಫೋಟೋ ತೆಗೆಯುವವನು ಇನ್ನೂ ಹತ್ತಿರ, ಇನ್ನೂ ಹತ್ತಿರ ಎಂದಾಗ ಮನೆಯೊಡತಿ ಕಲಿತ ಅಭ್ಯಾಸದಿಂದ ಕತ್ತು ಬಾಗಿಸಿ ನಿಂತಳು. ಡಾಕ್ಟರಮ್ಮ ಅಲ್ಲಿಂದ ತಪ್ಪಿಸಿಕೊಂಡು ಮನೆಯ ಹಿಂದೆ ಹೋಗಿ ಗಂಡನಿಗೆ ಫೋನು ಮಾಡಿ ಮದುವೆಯ ವಿಷಯ ಹೇಳಿದಳು.

"ಹೌದಾ? ಪಾಪ," ಎಂದ ಗಂಡ. ಕೆಟ್ಟವನಲ್ಲ. ಪಾಪ ಎಂದದ್ದೂ ಸುಳ್ಳಲ್ಲ. "ಹೇಳ್ಬೇಕಿತ್ತಪ್ಪ ಅವಳು. ಬಾಯಿ ಬಿಟ್ಟು ಹೇಳದೆ ನಮಗೇನು ಕನಸು ಬೀಳತ್ತಾ? ಈಗೇನ್ಮಾಡೋದು, ಮುಗಿದ್ಹೋಯ್ತಲ್ಲ. ನೀನು ಬಂದ್ಮೇಲೆ ಏನಾದ್ರೂ ಒಳ್ಳೇ ಉಡುಗೊರೆ ಕೊಡೋಣ ಬಿಡು." ಅವಳಿಗೆ ರೇಗಿತು. ರೇಗಿದ್ದು ಅವನ ಮಾತಿಗಲ್ಲ, ಆ ಮಾತು ಅವನಿಗಿಂತ ಮೊದಲೇ ತನ್ನ ತಲೆಯಲ್ಲಿ, ಅದೇ ಶಬ್ದಗಳಲ್ಲಿ, ಬಂದು ಹೋಗಿತ್ತೆಂಬುದಕ್ಕೆ.

ಸಂಜೆ ಎಲ್ಲರೂ ಹೊರಡುವಾಗ ಮನೆಯೊಡತಿಯನ್ನು ಕೇಳಿದಳು. "ಅವಳ ಊರು ಎಲ್ಲಿ ಅಂತ ಹೇಳಿದ್ಲಾ?"

"ಹೇಳಿದ್ಲು. ಬಸ್ಸಲ್ಲಿ ಹೋದ್ರೆ ಅರ್ಧ ದಿನ. ಯಾಕೆ?"

"ನಾಳೆ ಹೋಗಿ ಬರ್ತೀನಿ. ಮಗಳನ್ನ ನೋಡಿ ಬರ್ತೀನಿ."

"ನೋಡಿ?"

"ನೀವೂ ಬರ್ತೀರಾ? ಭಾಷೆ ಬರಲ್ಲ ನಂಗೆ."

"ನಾಳೆ ಸಾಮಾನು ಸಾಗಿಸ್ಬೇಕು," ಎಂದು ಮನೆಯೊಡತಿ ಹೊಸ ಬಾಗಿಲನ್ನು ತೋರಿಸಿದಳು. ಆಮೇಲೆ ಸ್ವಲ್ಪ ಮೆತ್ತಗೆ, "ಸುಮ್ನೆ ಇದ್ದುಬಿಡಿ. ಅವ್ರಿಗೂ ಒಳ್ಳೇದು, ನಿಮಗೂ ಒಳ್ಳೇದು," ಎಂದಳು. ಆದರೂ ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಬಂದು, ಕಂಡಕ್ಟರನಿಗೆ ಎಲ್ಲಿ ಇಳಿಸಬೇಕು, ಯಾರ ಮನೆ ತೋರಿಸಬೇಕು ಎಂದು ಜೋರುದನಿಯಲ್ಲಿ ಒಪ್ಪಿಸಿ, ತಿರುಗಿ ನೋಡದೆ ಹೋದಳು.

ಗುಂಪು ಜಲಪಾತಕ್ಕೆ ಹೋಯಿತು. ಅವಳು ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತಳು. ತೊಡೆಯ ಮೇಲೆ ಪೇಟೆಯಲ್ಲಿ ಕೊಂಡ ಉಡುಗೊರೆಯ ಪೊಟ್ಟಣ. ಕೊನೆಗೂ ಉಡುಗೊರೆಯೇ. ದಾರಿಯುದ್ದಕ್ಕೂ ಅರ್ಧ ಕಟ್ಟಿದ ಮನೆಗಳು ಹಿಂದೆ ಸರಿದವು. ಮೇಲೆ ಕಬ್ಬಿಣದ ಸರಳು ಬಿಟ್ಟುಕೊಂಡು, ಮುಂದಿನ ಮಹಡಿಗೆ, ಮುಂದಿನ ವರ್ಷಕ್ಕೆ, ಯಾರೋ ದೂರದಿಂದ ಕಳಿಸುವ ಸಂಬಳಕ್ಕೆ ಕಾಯುತ್ತಿದ್ದ ಮನೆಗಳು. ಅಲ್ಲಿ ಹೋಗಿ ಏನು ಮಾಡುವುದೆಂದು ಎಷ್ಟು ಸಲ ಯೋಚಿಸಿದರೂ ಚಿತ್ರ ಒಂದೇ ಕಡೆ ಬಂದು ನಿಲ್ಲುತ್ತಿತ್ತು: ಹುಡುಗಿ ಬಾಗಿಲು ತೆರೆಯುತ್ತಾಳೆ, ತಾನು ಅವಳ ಎರಡೂ ಕೈ ಹಿಡಿದುಕೊಳ್ಳುತ್ತೇನೆ. ಆಮೇಲೆ ಹುಡುಗಿಯ ಮುಖದಲ್ಲಿ ಏನು ಮೂಡಬೇಕೆಂದು ತೋಚುತ್ತಿರಲಿಲ್ಲ. ಕ್ಷಮಿಸಿದ ಮುಖವೇ? ಅದನ್ನು ನೋಡಲೆಂದೇ ಹೊರಟದ್ದೇ? ಮುಂದಿನ ನಿಲ್ದಾಣದಲ್ಲಿ ಇಳಿದು ತಿರುಗಿ ಹೋಗಿಬಿಡಬೇಕೆನಿಸಿತು. ಮುಂದಿನ ನಿಲ್ದಾಣ ಬಂತು, ಹೋಯಿತು.

ಇಳಿಜಾರಿನ ಮೇಲಿದ್ದ ಮನೆ ಸಣ್ಣದು, ಗಟ್ಟಿಯಾದದ್ದು. ಮುಂದಿನ ಕೋಣೆ ಹೊಸದಾಗಿ ಕಟ್ಟಿದ್ದು, ಇನ್ನೂ ಗಿಲಾವು ಬಿದ್ದಿರಲಿಲ್ಲ. ಬಾಗಿಲು ತೆರೆದ ಹುಡುಗಿಯನ್ನು ಅವಳು ಬಾಯಿಂದಲೇ ಗುರುತಿಸಿದಳು. ಮೇಲಿನ ಎರಡು ಹಲ್ಲುಗಳ ನಡುವೆ ಪುಟ್ಟಿಯದೇ ಸಂದು. "ಪುಟ್ಟಿ," ಎಂದಳು ನಗುತ್ತ, ತನ್ನ ಎದೆ ಮುಟ್ಟಿಕೊಂಡು, ದೂರಕ್ಕೆ ಕೈ ತೋರಿಸಿ, "ಪುಟ್ಟಿ, ಪುಟ್ಟಿ." ಹುಡುಗಿಗೆ ಅರ್ಥವಾಗಲಿಲ್ಲ. ಆ ಹೆಸರು ಈ ಮನೆಯಲ್ಲಿ ಯಾರದ್ದೂ ಅಲ್ಲ. ಆಗ ಅವಳು ಫೋನು ತೆಗೆದು ಚಿತ್ರ ಹುಡುಕಿದಳು. ಎಷ್ಟೋ ಚಿತ್ರಗಳಲ್ಲಿ ಅತ್ತೆ, ಗಂಡ, ಕೇಕು, ನೆಂಟರು. ಕೊನೆಗೆ ಒಂದು ಸಿಕ್ಕಿತು. ಅತ್ತೆಯ ಗಾಲಿಕುರ್ಚಿಯ ಹಿಂದೆ ಪುಟ್ಟಿ, ಒಂದು ಭುಜ ಚೌಕಟ್ಟಿನಾಚೆ ಕತ್ತರಿಸಿಹೋಗಿತ್ತು. ತೋರಿಸಿದಳು.

ಹುಡುಗಿ ಚಿತ್ರ ನೋಡಿದಳು. ಅವಳನ್ನು ನೋಡಿದಳು. ಅವಳ ಕೈಯ ಪೊಟ್ಟಣ ನೋಡಿದಳು. ಒಂದು ಹೆಸರು ಹೇಳಿದಳು, ಪ್ರಶ್ನೆಯಂತೆ. ಅದು ಪುಟ್ಟಿಯ ಹೆಸರೆಂದು, ತಾನೇ ಒಂದು ಕಾಲಕ್ಕೆ ಎಷ್ಟೋ ಅರ್ಜಿಗಳಲ್ಲಿ ತುಂಬಿದ ಹೆಸರೆಂದು, ಗುರುತು ಹತ್ತಲು ಅವಳಿಗೆ ಒಂದು ಕ್ಷಣ ಬೇಕಾಯಿತು. ಆ ಒಂದು ಕ್ಷಣದ ಮೌನದಲ್ಲಿ ಹುಡುಗಿಯ ಮುಖದಿಂದ ರಕ್ತ ಇಳಿದುಹೋಯಿತು. ದೂರದ ಮನೆಯ ಯಜಮಾನಿ ತಾನಾಗಿ, ಹೇಳದೆ ಕೇಳದೆ, ಕೈಯಲ್ಲೊಂದು ಗಂಟು ಹಿಡಿದು ಬಾಗಿಲಿಗೆ ಬರುವುದು ಎಂಥ ಸುದ್ದಿ ಹೊತ್ತು ಎಂದು ಈ ಇಳಿಜಾರಿನ ಮನೆಗಳಿಗೆಲ್ಲ ಗೊತ್ತಿರಬೇಕು. ಹುಡುಗಿ ಚೌಕಟ್ಟು ಹಿಡಿದುಕೊಂಡು ಮತ್ತೆ ಅದೇ ಹೆಸರು ಹೇಳಿದಳು, ಈ ಸಲ ಕೂಗಿ. "ಇಲ್ಲ, ಇಲ್ಲ!" ಎಂದು ಅವಳು ಗಾಬರಿಯಾಗಿ ತಲೆಯಾಡಿಸಿದಳು. ಹಾಗಲ್ಲ ಎಂದು ಆಡಿಸಿದ ತಲೆಯನ್ನು ಅವರು ಪುಟ್ಟಿ ಇನ್ನಿಲ್ಲ ಎಂದೇ ತಿಳಿದರು. ಒಳಗಿಂದ ಬಂದ ಮುದುಕಿ, ಪುಟ್ಟಿಯ ತಾಯಿಯಿರಬೇಕು, ಅಲ್ಲೇ ನೆಲಕ್ಕೆ ಕುಸಿದು ಎದೆ ಬಡಿದುಕೊಂಡಳು. ಅಕ್ಕಪಕ್ಕದ ಬಾಗಿಲುಗಳು ತೆರೆದವು. "ಇದಾಳೆ, ಚೆನ್ನಾಗಿದಾಳೆ, ಮನೇಲಿದಾಳೆ," ಎಂದು ಅವಳು ತನ್ನ ಭಾಷೆಯಲ್ಲಿ, ಯಾರಿಗೂ ತಿಳಿಯದ ಒಳ್ಳೆಯ ಭಾಷೆಯಲ್ಲಿ, ಒಬ್ಬೊಬ್ಬರ ಮುಖಕ್ಕೂ ಹೇಳುತ್ತ ವಿಡಿಯೋ ಕರೆಗೆ ಮನೆಯ ನಂಬರು ಒತ್ತಿದಳು.

ಅತ್ತ ಫೋನು ರಿಂಗಾಯಿತು. ಯಾರೂ ಎತ್ತಲಿಲ್ಲ. ಅತ್ತೆಯ ಸ್ನಾನದ ಹೊತ್ತು. ಮತ್ತೆ ಒತ್ತಿದಳು. ಎತ್ತೇ, ಎತ್ತೇ ತಾಯಿ, ಎಂದಳು. ಪುಟ್ಟಿಯನ್ನು ಹಾಗೆ ಬೇಡಿಕೊಂಡದ್ದು ಅದೇ ಮೊದಲು. ಕೊನೆಗೆ ಪರದೆಯ ಮೇಲೆ ಒದ್ದೆ ಕೈ, ಉಗಿ, ಹಣೆಗಂಟಿದ ಕೂದಲು. "ಅಮ್ಮಾ? ಹೇಳಿ ಅಮ್ಮಾ."

ಹುಡುಗಿ ಫೋನನ್ನು ಕಸಿದುಕೊಂಡಳು.

ಅವಳು ಅಂಥ ಸದ್ದು ಕೇಳಿರಲಿಲ್ಲ. ಅಳುವೋ ನಗುವೋ ಬೈಗುಳವೋ ಎಲ್ಲ ಒಂದೇ ಗಂಟಲಿನಲ್ಲಿ. ಮುದುಕಿ ಎದ್ದು ಪರದೆಗೆ ಕೈಯಿಟ್ಟು ಸವರಿದಳು. ಗಾಬರಿ ಕರಗಿ ನೆರೆಯವರು ನಕ್ಕರು, ಅವಳತ್ತ ನೋಡಿ ಏನೇನೋ ಅಂದರು, ತಮ್ಮ ತಮ್ಮ ಬಾಗಿಲಿಗೆ ಹಿಂದಿರುಗಿದರು. ಹುಡುಗಿ ಫೋನನ್ನು ಎದೆಗವುಚಿಕೊಂಡು ಅಜ್ಜಿಯ ಜೊತೆ ಒಳಗೆ ಹೋದಳು, ಹೊಸ ಕೋಣೆ ತೋರಿಸಲಿಕ್ಕೋ ಏನೋ. ಬಾಗಿಲು ಹಿಂದಿನಿಂದ ಮುಚ್ಚಿಕೊಂಡಿತು. ಯಾರೂ ಮುಚ್ಚಿದ್ದಲ್ಲ, ಗಾಳಿ.

ಅವಳು ಹೊರಗೆ ಮೆಟ್ಟಿಲಿನ ಮೇಲೆ ಕೂತಳು. ಕೈಯಲ್ಲಿ ಫೋನಿಲ್ಲದ್ದರಿಂದ ಹೊತ್ತು ಎಷ್ಟಾಯಿತೆಂದು ಗೊತ್ತಾಗಲಿಲ್ಲ. ಬಾಗಿಲು ತಟ್ಟಿ, ಹಿಂದಿರುಗುವ ಬಸ್ಸಿದೆ, ನನ್ನ ಫೋನು ಕೊಡಿ ಎನ್ನಬಹುದಿತ್ತು. ಸನ್ನೆ ಮಾಡಿದರೆ ತಿಳಿಯುತ್ತಿತ್ತು. ಒಳಗೆ ಪುಟ್ಟಿಯ ದಪ್ಪ ದನಿ, ಮಗಳ ದನಿ, ಒಂದರ ಮೇಲೊಂದು ಬೀಳುತ್ತ ಬೇಗ ಬೇಗ ಸಾಗಿತ್ತು. ಈಗ ಸದ್ದು ಪೂರ್ತಿ ಏರಿತ್ತು. ಆ ಸದ್ದಿನ ನಡುವಿನಿಂದ, ಎಲ್ಲಿಯೋ ದೂರದ ಬಚ್ಚಲುಮನೆಯಿಂದ, ಅವಳದೇ ಭಾಷೆಯಲ್ಲಿ ಅತ್ತೆಯ ಕೂಗು ಬಂತು. "ಪುಟ್ಟೀ! ಯಾರೇ ಅದು? ಬಾರೇ ಇಲ್ಲಿ, ಚಳಿ ಆಗ್ತಿದೆ!"

ಅವಳ ಬೆನ್ನು ತಾನಾಗಿ ನೆಟ್ಟಗಾಯಿತು. ಈಗ ಆಯ್ತಮ್ಮಾ, ಬಂದೆ ಎನ್ನುತ್ತಾಳೆ; ಈಗ ಎಲ್ಲ ನಿಲ್ಲುತ್ತದೆ.

"ಟವೆಲ್ ಹೊದ್ದುಕೊಂಡು ಕೂತಿರಿ ಅಜ್ಜೀ," ಎಂದಿತು ಪುಟ್ಟಿಯ ದನಿ. "ಮಗಳ ಹತ್ರ ಮಾತಾಡ್ತಿದೀನಿ."

ಕೆಳಗೆ ರಸ್ತೆಯ ತಿರುವಿನಲ್ಲಿ ಬಸ್ಸು ಬಂದು ನಿಂತಿತು. ಹಾರನ್ ಹೊಡೆಯಿತು. ಕಂಡಕ್ಟರ್ ಇಳಿದು, ಹಣೆಗೆ ಕೈಯಿಟ್ಟು ಮೇಲೆ ನೋಡಿ, ಬರುತ್ತೀರಾ ಎನ್ನುವಂತೆ ಕೈ ಬೀಸಿದ. ಅವಳು ಮುಚ್ಚಿದ ಬಾಗಿಲನ್ನೊಮ್ಮೆ ನೋಡಿದಳು. ಆಮೇಲೆ ಕಂಡಕ್ಟರನಿಗೆ, ನೀನು ಹೋಗು ಎಂದು ಕೈಯಾಡಿಸಿದಳು. ಒಳಗೆ ಮಾತು ಇನ್ನೂ ಮುಗಿದಿರಲಿಲ್ಲ.